ಕಿಲೋಪ್ಯಾಸ್ಕಲ್ ಎಂಬ ಮಾಯೆ

ಕ್ಯಾನ್ಸರ್ ಕೋಶ ಆರೋಗ್ಯವಂತ ಕೋಶಕ್ಕಿಂತ ಮೆತ್ತಗಿರುತ್ತದೆ. ಎಷ್ಟು ಮೆತ್ತಗೆ ಎಂಬುದನ್ನು ಉಪಕರಣದಿಂದ ಅಳೆದು ಕಿಲೋಪ್ಯಾಸ್ಕಲ್‌ಗಳಲ್ಲಿ ಬರೆದಿಡಬಹುದು. ನಾಳೆ ಆ ಅಂಕಿಯನ್ನು ನೋಡಿಯೇ ರೋಗ ಪತ್ತೆ ಮಾಡಬಹುದು. ಕಳೆದ ಇಪ್ಪತ್ತೈದು ವರ್ಷಗಳಲ್ಲಿ ಸಂಶೋಧನಾ ಪ್ರಬಂಧಗಳ ಪೀಠಿಕೆಗಳಲ್ಲೂ ಪತ್ರಿಕೆಗಳ ವಿಜ್ಞಾನ ಪುಟಗಳಲ್ಲೂ ಈ ಮಾತು ಎಷ್ಟು ಸಲ ಬಂದುಹೋಗಿದೆಯೆಂದರೆ, ಈಗ ಅದಕ್ಕೆ ಯಾರೂ ಸಾಕ್ಷಿ ಕೇಳುವುದಿಲ್ಲ. ಮಾತಿನ ತಳದಲ್ಲಿ ಒಂದು ನಂಬಿಕೆ ತಣ್ಣಗೆ ಕುಳಿತಿದೆ: ಪ್ರತಿ ಜೀವಕೋಶಕ್ಕೂ ಅದರದೇ ಆದ ಒಂದು ಬಿಗಿತ ಇರುತ್ತದೆ, ತೂಕ ಇರುವ ಹಾಗೆ, ಗಾತ್ರ ಇರುವ ಹಾಗೆ, ಉಪಕರಣದ ಕೆಲಸ ಅದನ್ನು ಹೊರತೆಗೆದು ತೋರಿಸುವುದಷ್ಟೆ. ನನ್ನ ತಕರಾರು ಈ ನಂಬಿಕೆಯ ಬಗ್ಗೆ. ಕೋಶವನ್ನು ಒತ್ತಿ, ಎಳೆದು, ಹಿಂಡಿ ನೋಡುವುದು ಒಳ್ಳೆಯ ವಿಜ್ಞಾನವೇ. ಆದರೆ ಯಾವ ಮೊನೆಯಿಂದ, ಎಷ್ಟು ವೇಗದಲ್ಲಿ, ಎಷ್ಟು ಆಳಕ್ಕೆ, ಯಾವ ಸ್ಥಿತಿಯಲ್ಲಿದ್ದ ಕೋಶವನ್ನು ಒತ್ತಿದರು ಎಂಬುದನ್ನು ಬಿಟ್ಟು ಉಳಿಸಿಕೊಂಡ ಒಂಟಿ ಅಂಕಿ ಕೋಶದ ಗುಣವಲ್ಲ. ಅದು ಕೋಶ ಮತ್ತು ಉಪಕರಣಗಳ ನಡುವೆ ನಡೆದ ಒಂದು ಘಟನೆಯ ವರದಿ. ವರದಿಯನ್ನೇ ಗುಣವೆಂದು ಓದುತ್ತಿರುವುದರಿಂದ ಈ ಕ್ಷೇತ್ರ ತನಗೆ ತಾನೇ ಅನ್ಯಾಯ ಮಾಡಿಕೊಳ್ಳುತ್ತಿದೆ.

ಇದಕ್ಕೆ ಮೊದಲ ಪುರಾವೆ ಹೊರಗಿನ ಟೀಕಾಕಾರರಿಂದ ಬಂದದ್ದಲ್ಲ, ಆ ಕ್ಷೇತ್ರದವರೇ ಒದಗಿಸಿದ್ದು. 2018ರಲ್ಲಿ 'ನೇಚರ್ ಮೆಥಡ್ಸ್' ಪತ್ರಿಕೆಯಲ್ಲಿ ಹಲವು ಪ್ರಯೋಗಾಲಯಗಳು ಸೇರಿ ಒಂದು ತುಲನಾತ್ಮಕ ಅಧ್ಯಯನ ಪ್ರಕಟಿಸಿದವು. ಎಲ್ಲರೂ ಅಳೆದದ್ದು ಎಂಸಿಎಫ್-7 ಎಂಬ ಒಂದೇ ಕೋಶಸಂತತಿಯನ್ನು. 1970ರಲ್ಲಿ ಸ್ತನ ಕ್ಯಾನ್ಸರ್ ಇದ್ದ ಅಮೆರಿಕದ ಒಬ್ಬ ಕ್ರೈಸ್ತ ಸನ್ಯಾಸಿನಿಯ ಎದೆಗೂಡಿನ ನೀರಿನಿಂದ ತೆಗೆದ ಈ ಕೋಶಗಳು ಇಂದಿಗೂ ಜಗತ್ತಿನ ಪ್ರಯೋಗಾಲಯಗಳಲ್ಲಿ ಬೆಳೆಯುತ್ತಿವೆ. ಸ್ತನ ಕ್ಯಾನ್ಸರ್ ಸಂಶೋಧನೆಯಲ್ಲಿ ಇವುಗಳಷ್ಟು ಪರಿಚಿತವಾದ ಕೋಶಗಳು ಕಡಿಮೆ. ಒಬ್ಬರು ಅಟಾಮಿಕ್ ಫೋರ್ಸ್ ಮೈಕ್ರೋಸ್ಕೋಪಿನ ಮೊನೆಯಿಂದ ಒತ್ತಿದರು, ಇನ್ನೊಬ್ಬರು ಕೋಶಕ್ಕೆ ಅಂಟಿಸಿದ ಕಾಂತೀಯ ಮಣಿಯನ್ನು ತಿರುಚಿದರು, ಮತ್ತೊಬ್ಬರು ಕೋಶದೊಳಗಿನ ಕಣಗಳ ಓಲಾಟವನ್ನು ಬೆನ್ನುಹತ್ತಿದರು. ಎರಡು ತಟ್ಟೆಗಳ ನಡುವೆ ಕೋಶವನ್ನಿಟ್ಟು ಹಿಂಡಿದವರು, ಲೇಸರ್ ಕಿರಣಗಳಿಂದ ಎಳೆದವರು ಬೇರೆ. ಇವೂ ಸೇರಿ ಒಟ್ಟು ಆರು ಬಗೆಯ ವಿಧಾನಗಳು. ಕೊನೆಗೆ ಅಂಕಿಗಳನ್ನು ಪಕ್ಕಪಕ್ಕ ಇಟ್ಟು ನೋಡಿದಾಗ ಸ್ಥಿತಿಸ್ಥಾಪಕ ಗುಣಾಂಕದಲ್ಲಿ ಸಾವಿರ ಪಟ್ಟು, ಸ್ನಿಗ್ಧತೆಯ ಗುಣಾಂಕದಲ್ಲಿ ನೂರು ಪಟ್ಟು ವ್ಯತ್ಯಾಸ ಕಂಡಿತು. ತಪ್ಪು ಮಾಡಿದವರು ಯಾರೂ ಇರಲಿಲ್ಲ. ಎಲ್ಲರೂ ಪಳಗಿದ ಕೈಗಳೇ, ಎಲ್ಲರ ವಿಧಾನವೂ ಅದಕ್ಕೆ ಮೊದಲೇ ಒಪ್ಪಿತವಾಗಿದ್ದದ್ದೇ. ಒಂದು ವಸ್ತುವಿನ ಒಂದು ಗುಣವನ್ನು ಆರು ಜನ ಸರಿಯಾಗಿ ಅಳೆದೂ ಸಾವಿರ ಪಟ್ಟು ವ್ಯತ್ಯಾಸ ಬಂದರೆ, ಅವರು ಅಳೆದದ್ದು ಒಂದೇ ಗುಣವನ್ನಲ್ಲ ಎಂದು ಒಪ್ಪಿಕೊಳ್ಳುವುದು ಪ್ರಾಮಾಣಿಕತೆ. ಆದರೆ ಆ ಪ್ರಬಂಧವನ್ನು ಉಲ್ಲೇಖಿಸುವ ಅನೇಕರು ಅದನ್ನು ಪೀಠಿಕೆಯಲ್ಲಿ ಒಂದು ಸಾಲಿಗೆ ಮುಗಿಸಿ, ಮುಂದಿನ ಪುಟದಲ್ಲಿ ತಮ್ಮ ಕೋಶದ ಯಂಗ್ ಗುಣಾಂಕ (ಬಿಗಿತದ ಅಳತೆ) ಇಷ್ಟು ಎಂದು ದಶಮಾಂಶ ಸಮೇತ ಬರೆಯುತ್ತಾರೆ.

ಆ ದಶಮಾಂಶ ಎಲ್ಲಿಂದ ಬರುತ್ತದೆ ಎಂಬುದನ್ನು ಹತ್ತಿರದಿಂದ ನೋಡಬೇಕು. ಅಟಾಮಿಕ್ ಫೋರ್ಸ್ ಮೈಕ್ರೋಸ್ಕೋಪ್ ಹುಟ್ಟಿದ್ದು 1986ರಲ್ಲಿ, ಬಿನ್ನಿಗ್, ಕ್ವೇಟ್ ಮತ್ತು ಗೆರ್ಬರ್ ಅವರ ಕೈಯಲ್ಲಿ; ಉದ್ದೇಶ ಗಟ್ಟಿ ಮೇಲ್ಮೈಗಳನ್ನು ಪರಮಾಣು ಮಟ್ಟದಲ್ಲಿ ಸವರಿ ನೋಡುವುದಾಗಿತ್ತು. ಕೋಶದ ಕೆಲಸಕ್ಕೆ ಬಳಸುವಾಗ ಸುಮಾರು ಇನ್ನೂರು ಮೈಕ್ರಾನ್ ಉದ್ದದ, ಬಲು ಮೆದುವಾದ ಒಂದು ಕ್ಯಾಂಟಿಲಿವರ್ ಪಟ್ಟಿಯನ್ನು ಕೋಶದ ಮೇಲಕ್ಕೆ ಇಳಿಸುತ್ತಾರೆ. ಪಟ್ಟಿಯ ತುದಿಯಲ್ಲಿ ಪಿರಮಿಡ್ಡಿನ ಆಕಾರದ ಚೂಪು ಮೊನೆಯಿರುತ್ತದೆ, ಇಲ್ಲವೇ ಕೆಲವು ಮೈಕ್ರಾನ್ ಅಗಲದ ಗಾಜಿನ ಅಥವಾ ಪ್ಲಾಸ್ಟಿಕ್ಕಿನ ಗುಂಡು. ಪಟ್ಟಿಯ ಬೆನ್ನಿನಿಂದ ಪ್ರತಿಫಲಿಸುವ ಲೇಸರ್ ಕಿರಣ ಎಷ್ಟು ಸರಿಯಿತು ಎಂಬುದರಿಂದ ಪಟ್ಟಿ ಎಷ್ಟು ಬಾಗಿತೆಂದು, ಅದರಿಂದ ಬಲ ಎಷ್ಟೆಂದು ಗೊತ್ತಾಗುತ್ತದೆ. ಬಲ ಒಂದು ನ್ಯಾನೋನ್ಯೂಟನ್ನಿನ ಆಸುಪಾಸಿನದು. ಕೋಶ ಅರ್ಧ ಮೈಕ್ರಾನೋ ಒಂದು ಮೈಕ್ರಾನೋ ತಗ್ಗುತ್ತದೆ. ಇಲ್ಲಿಯವರೆಗೆ ಎಲ್ಲವೂ ನಿಜವಾದ ಅಳತೆ: ಇಷ್ಟು ಬಲ, ಇಷ್ಟು ತಗ್ಗು, ಪರದೆಯ ಮೇಲೆ ಒಂದು ವಕ್ರರೇಖೆ. ಮುಂದಿನ ಹೆಜ್ಜೆಯಲ್ಲಿ ತಂತ್ರಾಂಶ ಒಂದು ಚೌಕ ತೆರೆದು ಕೇಳುತ್ತದೆ: ಮೊನೆಯ ಆಕಾರವೇನು? ಪಾಯ್ಸನ್ ಅನುಪಾತ ಎಷ್ಟು? ಸಾಮಾನ್ಯವಾಗಿ 0.5 ಎಂದು ತುಂಬುತ್ತಾರೆ, ಅಂದರೆ ಒತ್ತಿದರೂ ಕೋಶದ ಗಾತ್ರ ಬದಲಾಗುವುದಿಲ್ಲ ಎಂದು ಮೊದಲೇ ಒಪ್ಪಿಕೊಂಡ ಹಾಗೆ. ಗುಂಡಿ ಒತ್ತಿದರೆ ಕಿಲೋಪ್ಯಾಸ್ಕಲ್ ಸಿದ್ಧ.

ಆ ಗುಂಡಿಯ ಹಿಂದಿರುವುದು ಹೈನ್‌ರಿಶ್ ಹರ್ಟ್ಸ್ 1881ರ ಹೊತ್ತಿಗೆ, ಇನ್ನೂ ಇಪ್ಪತ್ತನಾಲ್ಕರ ತರುಣನಾಗಿದ್ದಾಗ, ಬರ್ಲಿನ್ನಿನಲ್ಲಿ ಕಟ್ಟಿದ ಸಿದ್ಧಾಂತ. ಒಂದಕ್ಕೊಂದು ಒತ್ತಿಕೊಂಡ ಗಾಜಿನ ಮಸೂರಗಳು ಎಷ್ಟು ವಿರೂಪಗೊಳ್ಳುತ್ತವೆ ಎಂಬುದು ಅವನ ಪ್ರಶ್ನೆಯಾಗಿತ್ತು. ಮೊನಚಾದ ಶಂಕುವಿಗೆ ಅದನ್ನು ಹೊಂದಿಸಿಕೊಟ್ಟದ್ದು 1965ರಲ್ಲಿ ಸ್ನೆಡನ್. ಗಾಜಿನ ವಿಷಯದಲ್ಲಿ ಆ ಸಿದ್ಧಾಂತ ಬೆರಗು ಹುಟ್ಟಿಸುವಷ್ಟು ಸೊಗಸಾಗಿದೆ. ಆದರೆ ಅದು ಕೆಲವು ಷರತ್ತುಗಳನ್ನು ಹಾಕುತ್ತದೆ: ವಸ್ತು ಎಲ್ಲೆಡೆ ಒಂದೇ ಸಮ ಇರಬೇಕು, ಎಲ್ಲ ದಿಕ್ಕಿಗೂ ಒಂದೇ ತೆರನಾಗಿರಬೇಕು, ಒತ್ತಿದ ತಗ್ಗಿಗೆ ಹೋಲಿಸಿದರೆ ಅದರ ದಪ್ಪಕ್ಕೆ ಕೊನೆಯೇ ಇರಬಾರದು, ಒತ್ತುವ ಮೊನೆಗೆ ಅದು ಅಂಟಬಾರದು, ಬಲ ತೆಗೆದ ಕೂಡಲೇ ಹಿಂದಿನ ಆಕಾರಕ್ಕೆ ಮರಳಬೇಕು. ತಟ್ಟೆಗೆ ಅಂಟಿ ಹರಡಿಕೊಂಡ ಕೋಶ ಈ ಐದರಲ್ಲಿ ಒಂದನ್ನೂ ಪಾಲಿಸುವುದಿಲ್ಲ. ನಡುವೆ ಅದು ಐದರಿಂದ ಹತ್ತು ಮೈಕ್ರಾನ್ ದಪ್ಪ, ಅಂಚಿನಲ್ಲಿ ಒಂದು ಮೈಕ್ರಾನೂ ಇಲ್ಲ. ಅಂಚನ್ನು ಒತ್ತಿದವನು ಬಹುಪಾಲು ಕೆಳಗಿನ ಗಾಜನ್ನೇ ಒತ್ತುತ್ತಿರುತ್ತಾನೆ. ಪೊರೆಯ ಕೆಳಗೆ ಕೆಲವು ನೂರು ನ್ಯಾನೋಮೀಟರ್ ದಪ್ಪದ, ಆಕ್ಟಿನ್ ಎಂಬ ಪ್ರೋಟೀನಿನ ಜಾಲದ ಪದರ, ಅದರೊಳಗೆ ಕೋಶರಸ, ನಡುವೆ ಅದಕ್ಕಿಂತ ಹಲವು ಪಟ್ಟು ಬಿಗಿಯಾದ ಕೋಶಕೇಂದ್ರ. ಹಲಸಿನ ಹಣ್ಣಿನ ಗಡಸುತನ ಎಷ್ಟು ಎಂದು ಯಾರೂ ಕೇಳುವುದಿಲ್ಲ. ಸೂಜಿಯಿಂದ ಮುಳ್ಳನ್ನು ಚುಚ್ಚಿದರೆ ಒಂದು, ಅಂಗೈಯಿಂದ ಇಡೀ ಹಣ್ಣನ್ನು ಅದುಮಿದರೆ ಇನ್ನೊಂದು, ತೊಳೆಯನ್ನು ಹಿಚುಕಿದರೆ ಬೇರೆ, ಬೀಜಕ್ಕೆ ಬೆರಳು ತಾಗಿದರೆ ಮತ್ತೂ ಬೇರೆ. ಕೋಶದ ವಿಷಯದಲ್ಲಿ ಮಾತ್ರ ಆ ಪ್ರಶ್ನೆ ಕೇಳಿ, ಬಂದ ಉತ್ತರವನ್ನು ಪಟ್ಟಿ ಮಾಡಿ ಇಡುತ್ತೇವೆ. ಚೂಪು ಮೊನೆ ಕೊಡುವ ಅಂಕಿ ಗುಂಡು ಕೊಡುವ ಅಂಕಿಗಿಂತ ಹಲವು ಪಟ್ಟು ಹೆಚ್ಚಿರುವುದು ಮತ್ತೆ ಮತ್ತೆ ವರದಿಯಾಗಿದೆ. ಒಂದೇ ಕೋಶ, ಒಂದೇ ಉಪಕರಣ, ಬದಲಾದದ್ದು ತುದಿಯ ಆಕಾರ ಮಾತ್ರ.

ಆಕಾರದ ತೊಂದರೆಯನ್ನು ಇನ್ನಷ್ಟು ಜಾಣ ಗಣಿತದಿಂದ ಸರಿಪಡಿಸಬಹುದು ಎನ್ನೋಣ. ಕಾಲದ ತೊಂದರೆಗೆ ಅಂಥ ಮದ್ದಿಲ್ಲ. 2001ರಲ್ಲಿ ಬೆನ್ ಫಾಬ್ರಿ ಮತ್ತು ಸಂಗಡಿಗರು ಶ್ವಾಸನಾಳದ ಸ್ನಾಯುಕೋಶಗಳಿಗೆ ಕಾಂತೀಯ ಮಣಿಗಳನ್ನು ಅಂಟಿಸಿ, ಸೆಕೆಂಡಿಗೆ ನೂರನೇ ಒಂದು ಸಲದಿಂದ ಹಿಡಿದು ಸಾವಿರ ಸಲದವರೆಗೆ ತಿರುಚಿ ನೋಡಿದರು. ಬೇರೆ ಬಗೆಯ ಕೋಶಗಳಲ್ಲೂ ಅದನ್ನೇ ಪರೀಕ್ಷಿಸಿದರು. ಲಕ್ಷ ಪಟ್ಟು ವಿಸ್ತಾರದ ಆ ಆವರ್ತಗಳ ಉದ್ದಕ್ಕೂ ಬಿಗಿತ ಒಂದು ದುರ್ಬಲ ಘಾತ ನಿಯಮದಂತೆ ಏರುತ್ತಲೇ ಹೋಯಿತು. ಎಲ್ಲೂ ಸಮತಟ್ಟಾಗಲಿಲ್ಲ. ಇದರ ಅರ್ಥವನ್ನು ಲೆಕ್ಕ ಹಾಕಿ ನೋಡಬಹುದು: ಘಾತಾಂಕ 0.2 ಎಂದಿಟ್ಟುಕೊಂಡರೆ ಆ ವಿಸ್ತಾರದ ಒಂದು ತುದಿಯಿಂದ ಇನ್ನೊಂದು ತುದಿಗೆ ಹೋಗುವಷ್ಟರಲ್ಲಿ ಬಿಗಿತ ಹತ್ತು ಪಟ್ಟಾಗಿರುತ್ತದೆ. ರಬ್ಬರಿಗೆ ಒಂದು ವಿಶಿಷ್ಟ ಕಾಲವಿದೆ. ಅದಕ್ಕಿಂತ ನಿಧಾನಕ್ಕೆ ಎಳೆದರೆ ಒಂದು ಸ್ಥಿರ ಬೆಲೆ ಸಿಗುತ್ತದೆ. ಫಾಬ್ರಿಯ ಕೋಶಗಳು ಅಂಥ ಕಾಲವನ್ನು ತೋರಿಸಲಿಲ್ಲ. ಆದ್ದರಿಂದ 'ನಿಧಾನಕ್ಕೆ ಒತ್ತಿದರೆ ನಿಜವಾದ ಬಿಗಿತ ಸಿಗುತ್ತದೆ' ಎಂಬ ಸಮಾಧಾನಕ್ಕೂ ಇಲ್ಲಿ ಆಸ್ಪದವಿಲ್ಲ. ನಿಧಾನಕ್ಕೆ ಒತ್ತಿದರೆ ನಿಧಾನದ ಬಿಗಿತ, ಬೇಗ ಒತ್ತಿದರೆ ಬೇಗದ ಬಿಗಿತ. ಆವರ್ತವನ್ನು ಹೇಳದೆ ಬಿಗಿತವನ್ನು ಹೇಳುವುದು ಊರಿನ ಹೆಸರಿಲ್ಲದ ವಿಳಾಸ.

ಇದೆಲ್ಲ ಕೋಶವನ್ನು ಜಡವಸ್ತುವೆಂದು ಎಣಿಸಿದಾಗಿನ ಮಾತು. ಅದು ಜಡವಲ್ಲ. ಆಕ್ಟಿನ್ ತಂತುಗಳನ್ನು ಮಯೋಸಿನ್ ಮೋಟಾರುಗಳು ಸದಾ ಜಗ್ಗುತ್ತಿರುತ್ತವೆ. ಈ ಜಗ್ಗಾಟದಿಂದ ಕೋಶದೊಳಗೆ ಮೊದಲೇ ಒಂದು ಬಿಗುವು ಇರುತ್ತದೆ. ಸ್ನಾಯುಕೋಶಗಳಲ್ಲಿ ಆ ಒಳಬಿಗುವು ಹೆಚ್ಚಿದಷ್ಟೂ ಹೊರಗಿನಿಂದ ಅಳೆದ ಬಿಗಿತವೂ ಹೆಚ್ಚು ಕಡಿಮೆ ಅದೇ ಪ್ರಮಾಣದಲ್ಲಿ ಹೆಚ್ಚುತ್ತದೆ ಎಂದು 2002ರಲ್ಲೇ ತೋರಿಸಲಾಗಿತ್ತು. ಅಂದರೆ ನಾವು ಅಳೆಯುತ್ತಿರುವುದರಲ್ಲಿ ದೊಡ್ಡ ಪಾಲು, ಕೋಶ ಆ ಗಳಿಗೆಯಲ್ಲಿ ಏನು ಮಾಡುತ್ತಿತ್ತು ಎಂಬುದರದು; ಅದು ಯಾವುದರಿಂದ ಆಗಿದೆ ಎಂಬುದರದಲ್ಲ. ಇನ್ನು ಕೋಶವನ್ನು ಎಳೆದರೆ? ಕೆಲವು ಪ್ರಯೋಗಗಳಲ್ಲಿ ಎಳೆದಷ್ಟೂ ಅದು ಬಿಗಿಯುತ್ತದೆ. 2007ರಲ್ಲಿ ಟ್ರೆಪಾಟ್ ಮತ್ತು ಇತರರು ಕೋಶಕ್ಕೆ ಒಂದು ಕ್ಷಣಿಕ ಎಳೆತ ಕೊಟ್ಟು ಬಿಟ್ಟಾಗ ಅದು ಮೊದಲು ಸಡಿಲಗೊಂಡು ದ್ರವದ ಸ್ವಭಾವಕ್ಕೆ ಹತ್ತಿರವಾಯಿತು, ಆಮೇಲೆ ಮೆಲ್ಲಗೆ ಚೇತರಿಸಿಕೊಂಡಿತು. ಎರಡೂ ನಿಜ. ಅಳತೆಯ ಕ್ರಿಯೆಗೆ ಕೋಶ ಉತ್ತರ ಕೊಡುತ್ತದೆ. ಆ ಉತ್ತರವೂ ಅಂಕಿಯಲ್ಲಿ ಸೇರಿಹೋಗುತ್ತದೆ.

ಕೋಶ ಕುಳಿತ ನೆಲದ ಕಥೆಯೂ ಇದೇ. ಫೈಬ್ರೋಬ್ಲಾಸ್ಟ್ ಕೋಶಗಳನ್ನು ಮೆದು ಜೆಲ್ಲುಗಳ ಮೇಲೆ ಬೆಳೆಸಿದರೆ, ಒಂದು ಮಿತಿಯವರೆಗೆ, ಅವು ತಮ್ಮ ಬಿಗಿತವನ್ನು ನೆಲದ ಬಿಗಿತಕ್ಕೆ ಹೊಂದಿಸಿಕೊಳ್ಳುತ್ತವೆ ಎಂದು 2007ರ ಇನ್ನೊಂದು ಅಧ್ಯಯನ ಹೇಳಿತು. ಸ್ತನದ ಅಂಗಾಂಶ ಒಂದು ಕಿಲೋಪ್ಯಾಸ್ಕಲ್ಲಿನ ಆಸುಪಾಸಿನ ಮೆದು ವಸ್ತು. ಪ್ರಯೋಗಾಲಯದ ಗಾಜಿನ ತಟ್ಟೆ ಅದಕ್ಕಿಂತ ಕೋಟಿಗಟ್ಟಲೆ ಪಟ್ಟು ಗಡಸು. ಆ ಗಾಜಿನ ಮೇಲೆ ವರ್ಷಗಟ್ಟಲೆ ಬೆಳೆದ ಸಂತತಿಯ ಬಿಗಿತವನ್ನು ಅಳೆದು ಅದನ್ನು ರೋಗಿಯ ಮೈಯಲ್ಲಿರುವ ಕೋಶದ ಗುಣವೆಂದು ಬರೆಯುವುದಕ್ಕೆ ಸಾಕಷ್ಟು ಧೈರ್ಯ ಬೇಕು.

ಮುಟ್ಟದೆಯೇ ಅಳೆಯುತ್ತೇವೆ ಎನ್ನುವವರೂ ಪಾರಾಗುವುದಿಲ್ಲ. ಕೋಶದೊಳಗೆ ಸಣ್ಣ ಕಣಗಳನ್ನು ಸೇರಿಸಿ, ಅವು ತಮ್ಮಷ್ಟಕ್ಕೆ ಎಷ್ಟು ಓಲಾಡುತ್ತವೆ ಎಂದು ನೋಡಿ, ಹೆಚ್ಚು ಓಲಾಡಿದರೆ ಸುತ್ತಲಿನ ಕೋಶರಸ ಮೆತ್ತಗಿದೆ ಎಂದು ತೀರ್ಮಾನಿಸುವುದು ಈ ವಿಧಾನ. ಓಲಾಟಕ್ಕೆ ಶಾಖ ಒಂದೇ ಕಾರಣವಾಗಿದ್ದರೆ ತೀರ್ಮಾನ ಸರಿ. ಆದರೆ ಕೋಶದೊಳಗೆ ಕಣಗಳನ್ನು ಅಲುಗಿಸುವುದು ಶಾಖವಷ್ಟೇ ಅಲ್ಲ, ಮೋಟಾರುಗಳೂ ಹೌದು. 2014ರಲ್ಲಿ ಹಾರ್ವರ್ಡಿನ ಸಂಶೋಧಕರು ಲೇಸರ್ ಚಿಮಟದಿಂದ ಕಣವನ್ನು ಹಿಡಿದು ಎಳೆದು ನೋಡಿದಾಗ, ಕಣದ ಓಲಾಟದಿಂದ ದ್ರವದಂತೆ ತೋರುತ್ತಿದ್ದ ಅದೇ ಕೋಶರಸ, ಎಳೆತಕ್ಕೆ ಸ್ಥಿತಿಸ್ಥಾಪಕ ಜೆಲ್ಲಿನಂತೆ ಎದುರು ನಿಂತಿತು. ಕೋಶದ ಇಂಧನವಾದ ಎಟಿಪಿಯನ್ನು ಬರಿದು ಮಾಡಿದರೆ ಓಲಾಟ ತಗ್ಗಿತು. ಹಾಗಾದರೆ ಚುರುಕಾಗಿರುವ ಕೋಶವನ್ನು ಈ ವಿಧಾನ ಮೆತ್ತಗಿನ ಕೋಶವೆಂದು ಓದುತ್ತದೆ. ಕ್ಯಾನ್ಸರ್ ಕೋಶಗಳು ಚುರುಕು ಎಂಬುದು ಎಲ್ಲರಿಗೂ ಗೊತ್ತು. ಮುಂದಿನದನ್ನು ಓದುಗರು ಊಹಿಸಬಲ್ಲರು. ಇಲ್ಲಿ ಒಂದು ಹಳೆಯ ಸಂಗತಿ ನೆನೆಯಬೇಕು. ಡಿಎನ್ಎಯ ಸುರುಳಿ ಬಿಡಿಸುವ ಮೊದಲು ಫ್ರಾನ್ಸಿಸ್ ಕ್ರಿಕ್, ಹ್ಯೂಸ್ ಎಂಬ ಜೊತೆಗಾರನೊಂದಿಗೆ ಕೇಂಬ್ರಿಜ್‌ನಲ್ಲಿ ಕೋಳಿಯ ಕೋಶಗಳೊಳಗೆ ಕಾಂತೀಯ ಕಣಗಳನ್ನು ಇರಿಸಿ, ಅವನ್ನು ತಿರುಚಿ, ಎಳೆದು, ತಿವಿದು ನೋಡಿದ್ದ. 1950ರಲ್ಲಿ ಪ್ರಕಟವಾದ ಆ ಕೆಲಸದ ಹಿರಿಮೆ ಇರುವುದು ಅದು ಮೂರು ಬಗೆಯಲ್ಲಿ ಕೆಣಕಿ ಮೂರರ ವರ್ತನೆಯನ್ನೂ ವಿವರಿಸಿದ್ದರಲ್ಲಿ. ಎಪ್ಪತ್ತೈದು ವರ್ಷಗಳ ಬಳಿಕ ಉಪಕರಣಗಳು ಎಷ್ಟೋ ಸುಧಾರಿಸಿವೆ. ಆ ತಾಳ್ಮೆ ಸುಧಾರಿಸಿದ ಹಾಗೆ ಕಾಣುವುದಿಲ್ಲ.

ಈಗ ಕ್ಯಾನ್ಸರಿನ ಮಾತಿಗೆ ಬರೋಣ, ಏಕೆಂದರೆ ಒಂಟಿ ಅಂಕಿಯ ಪ್ರತಿಷ್ಠೆ ನಿಂತಿರುವುದೇ ಅದರ ಮೇಲೆ. 1999ರಲ್ಲಿ ಪೋಲೆಂಡಿನ ಲೆಕ್ಕಾ ಮತ್ತು ಸಂಗಡಿಗರು ಮೂತ್ರಕೋಶದ ಕ್ಯಾನ್ಸರ್ ಕೋಶಗಳು ಸಾಮಾನ್ಯ ಕೋಶಗಳಿಗಿಂತ ಸುಮಾರು ಹತ್ತು ಪಟ್ಟು ಮೆತ್ತಗಿವೆ ಎಂದು ವರದಿ ಮಾಡಿದರು. 2007ರಲ್ಲಿ ಲಾಸ್ ಏಂಜಲಿಸಿನ ತಂಡವೊಂದು ಪ್ರಯೋಗಾಲಯದ ಸಂತತಿಗಳನ್ನು ಬಿಟ್ಟು, ರೋಗಿಗಳ ದೇಹದಿಂದ ತೆಗೆದ ನೀರಿನಲ್ಲಿದ್ದ ಕೋಶಗಳನ್ನೇ ಅಳೆದು, ಹರಡುತ್ತಿರುವ ಕ್ಯಾನ್ಸರ್ ಕೋಶಗಳು ಶೇ. 70ಕ್ಕಿಂತ ಹೆಚ್ಚು ಮೆತ್ತಗಿವೆ ಎಂದು ಹೇಳಿತು. ಇದು ಬಹಳ ಸುದ್ದಿಯಾದ ಪ್ರಬಂಧ. ಆದರೆ ಹೋಲಿಕೆ ಯಾವುದಕ್ಕೆ ಯಾವುದರೊಂದಿಗೆ? ಒಂದು ಕಡೆ ಬೇರೆ ಅಂಗಗಳಿಂದ ಬಂದ ಗೆಡ್ಡೆಯ ಕೋಶಗಳು. ಇನ್ನೊಂದು ಕಡೆ ದೇಹದ ಒಳಕುಹರಕ್ಕೆ ಅಸ್ತರಿಯಾಗಿರುವ ಆರೋಗ್ಯವಂತ ಕೋಶಗಳು. ಇವೆರಡೂ ಒಂದೇ ವಂಶದವಲ್ಲ. ನೀರಿನ ಮಾದರಿಯಲ್ಲಿ ಇವನ್ನು ಬೇರ್ಪಡಿಸುವುದು ವೈದ್ಯರಿಗೆ ಉಪಯುಕ್ತ, ಅದರಲ್ಲಿ ಎರಡು ಮಾತಿಲ್ಲ. ಆದರೆ 'ಕ್ಯಾನ್ಸರ್ ಬಂದಾಗ ಕೋಶ ಮೆತ್ತಗಾಗುತ್ತದೆ' ಎಂಬ ನಿಯಮಕ್ಕೆ ಅದು ಸಾಕ್ಷಿಯಾಗುವುದು ಹೇಗೆ?

ಎದುರು ಸಾಕ್ಷಿಯೂ ಇದೆ. 2006ರಲ್ಲಿ ಕ್ಯಾಲಿಫೋರ್ನಿಯಾದ ಇನ್ನೊಂದು ತಂಡ ರಕ್ತ ಕ್ಯಾನ್ಸರಿನ ಎರಡು ಕೋಶಸಂತತಿಗಳನ್ನೂ ಆರೋಗ್ಯವಂತ ನ್ಯೂಟ್ರೋಫಿಲ್ ಬಿಳಿ ರಕ್ತಕಣಗಳನ್ನೂ ಒಂದೇ ಉಪಕರಣದಿಂದ ಅಳೆಯಿತು. ಜರ್ಕಟ್ ಕೋಶಗಳು ಸರಾಸರಿ 48 ಪ್ಯಾಸ್ಕಲ್, ನ್ಯೂಟ್ರೋಫಿಲ್‌ಗಳು 156, ಎಚ್ಎಲ್-60 ಕೋಶಗಳು 855. ಒಂದು ಕ್ಯಾನ್ಸರ್ ಆರೋಗ್ಯಕ್ಕಿಂತ ಮೂರು ಪಟ್ಟು ಮೆತ್ತಗೆ, ಇನ್ನೊಂದು ಐದು ಪಟ್ಟು ಬಿಗಿ. ಅದೇ ಬಳಗದವರು ಮರುವರ್ಷ ತೋರಿಸಿದಂತೆ ಕೀಮೋಥೆರಪಿ ಔಷಧ ತಾಗಿ ಸಾಯುತ್ತಿರುವ ರಕ್ತ ಕ್ಯಾನ್ಸರ್ ಕೋಶಗಳು ಇನ್ನೂ ಬಿಗಿಯಾಗುತ್ತವೆ. ಇನ್ನು ಗೆಡ್ಡೆಯನ್ನು ಇಡಿಯಾಗಿ ತೆಗೆದುಕೊಂಡರೆ, ಅದು ಸುತ್ತಲಿನ ಅಂಗಾಂಶಕ್ಕಿಂತ ಗಟ್ಟಿ ಎಂಬುದು ಕೈಯಿಂದ ಒತ್ತಿ ನೋಡುವ ಪ್ರತಿ ವೈದ್ಯರಿಗೂ ಗೊತ್ತು. ಕೊಲಾಜನ್ ಎಳೆಗಳು ಹೆಣೆದುಕೊಂಡು ಗಟ್ಟಿಯಾಗುವುದು ಅದಕ್ಕೆ ಮುಖ್ಯ ಕಾರಣ. 2012ರಲ್ಲಿ ಬಾಸೆಲ್ಲಿನ ಸಂಶೋಧಕರು ಸ್ತನದ ಬಯಾಪ್ಸಿ ತುಣುಕುಗಳನ್ನು ಚುಕ್ಕಿ ಚುಕ್ಕಿಯಾಗಿ ಒತ್ತಿ ಅಳೆದಾಗ ಅವರಿಗೆ ಉಪಯುಕ್ತವೆನಿಸಿದ್ದು ಸರಾಸರಿಯಲ್ಲ, ಹರವು: ಆರೋಗ್ಯವಂತ ಅಂಗಾಂಶದಲ್ಲಿ ಅಂಕಿಗಳು ಒಂದೆಡೆ ಒತ್ತಾಗಿದ್ದವು, ಕ್ಯಾನ್ಸರ್ ಅಂಗಾಂಶದಲ್ಲಿ ಅಗಲಕ್ಕೆ ಚದುರಿ ಮೆತ್ತಗಿನ ಕಡೆಗೆ ಒಂದು ಶಿಖರ ಎದ್ದಿತ್ತು. ಈ ಸಾಲಿನಲ್ಲಿ ನನಗೆ ಎಲ್ಲಕ್ಕಿಂತ ಭರವಸೆ ಹುಟ್ಟಿಸುವ ಕೆಲಸ ಅದು, ಒಂಟಿ ಅಂಕಿಗೆ ಅದು ಜೋತುಬೀಳಲಿಲ್ಲ ಎಂಬ ಕಾರಣಕ್ಕೇ.

ನನ್ನ ಈ ವಾದಕ್ಕೆ ಆಕ್ಷೇಪಗಳಿವೆ, ಅವು ಹಗುರವಾದವೂ ಅಲ್ಲ. ಮೊದಲನೆಯದು: ನಿರಪೇಕ್ಷ ಅಂಕಿ ಹೋದರೆ ಹೋಗಲಿ, ಒಂದೇ ಪ್ರಯೋಗಾಲಯದಲ್ಲಿ ಒಂದೇ ಉಪಕರಣದಿಂದ ಎರಡು ಬಗೆಯ ಕೋಶಗಳನ್ನು ಹೋಲಿಸಿದರೆ ಆ ಅನುಪಾತವಾದರೂ ನಿಜ ತಾನೆ? ತಪ್ಪುಗಳು ಎರಡೂ ಕಡೆ ಒಂದೇ ಆಗಿರುವುದರಿಂದ ರದ್ದಾಗುತ್ತವೆ ತಾನೆ? ಕೇಳಲು ಹಿತವಾದ ವಾದ. ತಪ್ಪು ಉಪಕರಣದಲ್ಲಷ್ಟೇ ಇದ್ದಿದ್ದರೆ ರದ್ದಾಗುತ್ತಿತ್ತು. ಆದರೆ ಬೇರೆ ಬೇರೆ ವಿಧಾನಗಳು ಕೋಶದ ಬೇರೆ ಬೇರೆ ಭಾಗಗಳನ್ನು ಮಾತಾಡಿಸುತ್ತವೆ. ಆಗ ಅನುಪಾತವೂ ವಿಧಾನದೊಂದಿಗೆ ಬದಲಾಗುತ್ತದೆ. 2020ರಲ್ಲಿ ಪ್ರಕಟವಾದ ಒಂದು ಹೋಲಿಕೆ ಇದನ್ನು ಸ್ಪಷ್ಟವಾಗಿ ತೋರಿಸಿತು. ಕೋಶಗಳನ್ನು ಸೂಕ್ಷ್ಮ ಕಾಲುವೆಗಳಲ್ಲಿ ಹರಿಯಬಿಟ್ಟು ಅಳೆಯುವ ಮೂರು ವಿಧಾನಗಳನ್ನು ಅಲ್ಲಿ ಎಚ್ಎಲ್-60 ಕೋಶಗಳ ಮೇಲೆ ಪರೀಕ್ಷಿಸಿದರು: ಇಕ್ಕಟ್ಟಾದ ಸಂದಿಯಲ್ಲಿ ತೂರಿಸುವುದು ಒಂದು, ಹರಿವಿನ ಘರ್ಷಣೆಯಿಂದ ಬಾಗಿಸುವುದು ಇನ್ನೊಂದು, ಎದುರುಬದುರು ಹರಿವುಗಳ ನಡುವೆ ಸಿಕ್ಕಿಸಿ ಅತಿ ವೇಗದಲ್ಲಿ ಹಿಗ್ಗಿಸುವುದು ಮತ್ತೊಂದು. ದ್ರಾವಣದ ಉಪ್ಪಿನ ಸಾಂದ್ರತೆ ಬದಲಿಸಿದಾಗ ಮೂರೂ ವ್ಯತ್ಯಾಸವನ್ನು ಹಿಡಿದವು. ಆದರೆ ಲ್ಯಾಟ್ರಂಕ್ಯುಲಿನ್ ಎಂಬ ರಾಸಾಯನಿಕದಿಂದ ಆಕ್ಟಿನ್ ಜಾಲವನ್ನೇ ಕಡಿದುಹಾಕಿದಾಗ ಮೊದಲ ಎರಡು ವಿಧಾನಗಳು ಅದನ್ನು ಗುರುತಿಸಿದವು, ಅತಿ ವೇಗದ ಮೂರನೆಯದು ಗುರುತಿಸಲಿಲ್ಲ. ಕೋಶದ ಅಸ್ಥಿಪಂಜರವನ್ನೇ ಕಿತ್ತುಹಾಕಿದರೂ ಒಂದು ಉಪಕರಣದ ಪ್ರಕಾರ ಏನೂ ಆಗಿಲ್ಲ! ಅನುಪಾತ ಸುರಕ್ಷಿತ ಎನ್ನುವವರು ಇದಕ್ಕೆ ಉತ್ತರ ಹೇಳಬೇಕು.

ಎರಡನೆಯ ಆಕ್ಷೇಪ ಮಾನಕೀಕರಣದ್ದು. ಎಲ್ಲರೂ ಒಂದೇ ಮೊನೆ, ಒಂದೇ ವೇಗ, ಒಂದೇ ಕ್ರಮ ಪಾಲಿಸಿದರೆ ಗೊಂದಲ ತೀರುತ್ತದೆ ಎಂಬುದು. 2017ರಲ್ಲಿ ಯೂರೋಪಿನ ಹಲವು ಪ್ರಯೋಗಾಲಯಗಳು ಸೇರಿ ಅಟಾಮಿಕ್ ಫೋರ್ಸ್ ಮೈಕ್ರೋಸ್ಕೋಪಿಗೆ ಅಂಥದೊಂದು ಕ್ರಮ ರೂಪಿಸಿದವು. ಕ್ಯಾಂಟಿಲಿವರಿನ ಬಾಗುವಿಕೆಯನ್ನು ಸರಿಯಾಗಿ ಅಳತೆಗಿಟ್ಟ ಮೇಲೆ ಪ್ರಯೋಗಾಲಯಗಳ ನಡುವಿನ ವ್ಯತ್ಯಾಸ ಗಣನೀಯವಾಗಿ ಇಳಿಯಿತು. ಇದು ಮೆಚ್ಚತಕ್ಕ ಕೆಲಸ, ಬೇಕಾದ ಕೆಲಸ. ಆದರೆ ಅದು ಪರಿಹರಿಸಿದ್ದು ಉಪಕರಣದ ತಪ್ಪನ್ನು. ಎಲ್ಲರೂ ಒಂದೇ ಮೊನೆಯಿಂದ ಒಂದೇ ವೇಗದಲ್ಲಿ ಒತ್ತಿ ಒಂದೇ ಅಂಕಿ ಪಡೆದರೆ ಅದು ಪುನರಾವರ್ತಿಸಬಲ್ಲ ಅಂಕಿ ಎಂದಷ್ಟೇ ಸಾಬೀತಾಗುತ್ತದೆ; ಅದು ಕೋಶದ ಗುಣ ಎಂದಲ್ಲ. ಎಲ್ಲರೂ ಒಂದೇ ಒಪ್ಪಂದಕ್ಕೆ ಸಹಿ ಹಾಕಿದ್ದನ್ನು ನಿಸರ್ಗದ ಸಹಿ ಎಂದು ಭ್ರಮಿಸಬಾರದು.

ಮೂರನೆಯ ಆಕ್ಷೇಪ ಎಂಜಿನಿಯರರದು, ಎಲ್ಲಕ್ಕಿಂತ ಬಲವಾದದ್ದು. ಯಾವ ವಸ್ತುವಿನ ಗುಣವೂ ಪರಿಸ್ಥಿತಿಗೆ ಹೊರತಲ್ಲ, ಪ್ಲಾಸ್ಟಿಕ್ಕಿನ ಬಿಗಿತವೂ ವೇಗ ಮತ್ತು ತಾಪಮಾನಕ್ಕೆ ತಕ್ಕಂತೆ ಬದಲಾಗುತ್ತದೆ. ಹಾಗೆಂದು ಪ್ಲಾಸ್ಟಿಕ್ಕಿಗೆ ಗುಣವೇ ಇಲ್ಲ ಎನ್ನುತ್ತೀರಾ ಎಂದು ಅವರು ಕೇಳಬಹುದು. ಇಲ್ಲ, ಹಾಗೆನ್ನುವುದಿಲ್ಲ. ಆದರೆ ಪ್ಲಾಸ್ಟಿಕ್ ತಯಾರಕ ತನ್ನ ವಿವರಪಟ್ಟಿಯಲ್ಲಿ ತಾಪಮಾನವನ್ನೂ ಪರೀಕ್ಷೆಯ ವೇಗವನ್ನೂ ಬರೆದೇ ಬರೆಯುತ್ತಾನೆ, ಬರೆಯದಿದ್ದರೆ ಕೊಳ್ಳುವವನು ಒಪ್ಪುವುದಿಲ್ಲ. ಕೋಶದ ಪ್ರಬಂಧಗಳಿಗೆ ನಾನು ಬಯಸುವುದು ಆ ಶಿಸ್ತನ್ನೇ. ಮೇಲಾಗಿ, ಪ್ಲಾಸ್ಟಿಕ್ಕಿನ ತುಂಡು ಎಳೆದವನನ್ನು ಗಮನಿಸಿ ತನ್ನ ಒಳಗನ್ನು ಮರುಜೋಡಿಸಿಕೊಳ್ಳುವುದಿಲ್ಲ. ಅಲ್ಲಿ ಗುಣಾಂಕಗಳ ಭಾಷೆ ಪರಿಸ್ಥಿತಿಗಳ ಪಟ್ಟಿಯೊಂದಿಗೆ ಸಾಕಾಗುತ್ತದೆ. ಕೋಶದಲ್ಲಿ ಅದು ಆರಂಭ ಮಾತ್ರ.

ಹಾಗಾದರೆ ಕೋಶದ ಯಾಂತ್ರಿಕ ಅಳತೆ ಎಲ್ಲೂ ಫಲ ಕೊಟ್ಟಿಲ್ಲವೇ? ಚೆನ್ನಾಗಿಯೇ ಕೊಟ್ಟಿದೆ, ಕೆಂಪು ರಕ್ತಕಣದಲ್ಲಿ. ಅದಕ್ಕೆ ಕೋಶಕೇಂದ್ರವಿಲ್ಲ, ಒಳಗೆ ಹಿಮೋಗ್ಲೋಬಿನ್ ದ್ರಾವಣ, ಪೊರೆಯ ಅಡಿಯಲ್ಲಿ ಸ್ಪೆಕ್ಟ್ರಿನ್ ಎಂಬ ಪ್ರೋಟೀನಿನ ತೆಳು ಬಲೆ. ಸರಳವಾದ ಈ ಕೋಶವನ್ನು ಪಿಪೆಟ್ಟಿನಿಂದ ಹೀರಿ ಅಳೆದರೂ ಲೇಸರ್ ಚಿಮಟದಿಂದ ಎಳೆದು ಅಳೆದರೂ ಪೊರೆಯ ಬಿಗಿತ ಮೀಟರಿಗೆ ಕೆಲವು ಮೈಕ್ರೋನ್ಯೂಟನ್‌ಗಳ ಆಸುಪಾಸಿನಲ್ಲೇ ಬರುತ್ತದೆ. ಫಾಲ್ಸಿಪಾರಮ್ ಮಲೇರಿಯಾ ಪರಾವಲಂಬಿ ಒಳಹೊಕ್ಕು ಬೆಳೆದಂತೆ ಅದು ಹತ್ತು ಪಟ್ಟಿನವರೆಗೂ ಏರುತ್ತದೆ. ಹಾಗೆ ಬಿರುಸಾದ ಕಣಗಳು ಲೋಮನಾಳಗಳಲ್ಲಿ ಸರಾಗವಾಗಿ ಸಾಗಲಾರವು, ಗುಲ್ಮದ ಒಂದು ಮೈಕ್ರಾನಿನಷ್ಟು ಕಿರಿದಾದ ಸಂದಿಗಳಲ್ಲಿ ನುಸುಳಲಾರವು. 1975ರಲ್ಲಿ ಬೆಸ್ಸಿಸ್ ಮತ್ತು ಮೋಹನ್‌ದಾಸ್ ರೂಪಿಸಿದ ಎಕ್ಟಾಸೈಟೋಮೀಟರ್ ಇಂದಿಗೂ ಆನುವಂಶಿಕ ಸ್ಫೆರೋಸೈಟೋಸಿಸ್‌ನಂಥ ರಕ್ತರೋಗಗಳ ಪತ್ತೆಗೆ ಬಳಕೆಯಲ್ಲಿದೆ. ಅದು ಮಾಡುವುದೇನು? ಹರಿವಿನಲ್ಲಿ ರಕ್ತಕಣಗಳು ಎಷ್ಟು ಉದ್ದಕ್ಕೆ ಎಳೆದುಕೊಳ್ಳುತ್ತವೆ ಎಂಬುದನ್ನು, ದ್ರಾವಣದ ಸಾಂದ್ರತೆಯನ್ನು ಬದಲಿಸುತ್ತಾ, ಲೇಸರ್ ಬೆಳಕಿನ ವಿನ್ಯಾಸ ದುಂಡಗಿನಿಂದ ಅಂಡಾಕಾರಕ್ಕೆ ತಿರುಗುವುದನ್ನು ನೋಡಿ ದಾಖಲಿಸುತ್ತದೆ. ಕೊಡುವುದು ಒಂದು ಇಡೀ ವಕ್ರರೇಖೆ. ವೈದ್ಯರು ಓದುವುದು ಆ ರೇಖೆಯ ಆಕಾರವನ್ನು. ಯಾರೂ ಅದನ್ನು ಯಂಗ್ ಗುಣಾಂಕವೆಂದು ಕರೆಯುವುದಿಲ್ಲ. ಈ ಕ್ಷೇತ್ರದ ಒಂದು ಅಳತೆ ಆಸ್ಪತ್ರೆಯ ಬಾಗಿಲು ದಾಟಿದ್ದು ಹೀಗೆ.

ಬೆಂಗಳೂರಿನಲ್ಲೇ ಇನ್ನೊಂದು ಉದಾಹರಣೆಯಿದೆ. ರಾಮನ್ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಕೋಳಿಯ ಭ್ರೂಣದಿಂದ ತೆಗೆದ ನರತಂತುಗಳನ್ನು ತೆಳುವಾದ ಗಾಜಿನ ಎಳೆಯಿಂದ ಹಂತಹಂತವಾಗಿ ಎಳೆದು ನೋಡಿದ ಕೆಲಸ 2020ರಲ್ಲಿ ಪ್ರಕಟವಾಯಿತು. ಎಳೆತ ಹೆಚ್ಚಿದಂತೆ ನರತಂತು ಮೆತ್ತಗಾಗುತ್ತದೆ, ಅದರ ಒಳಗಿನ ಆಕ್ಟಿನ್–ಸ್ಪೆಕ್ಟ್ರಿನ್ ಜಾಲ ಬಿಚ್ಚಿಕೊಂಡು ಎಳೆತವನ್ನು ತಾಳಿಕೊಳ್ಳುತ್ತದೆ ಎಂಬುದು ಅವರ ಮುಖ್ಯ ಮಾತು. ಗಮನಿಸಿ: ನರತಂತುವಿನ ಬಿಗಿತ ಇಷ್ಟು ಎಂಬ ಘೋಷಣೆ ಅಲ್ಲಿ ಮುಖ್ಯವಲ್ಲ. ಎಷ್ಟು ಎಳೆದಾಗ, ಎಷ್ಟು ಹೊತ್ತಿನ ಬಳಿಕ, ಯಾವ ಪ್ರೋಟೀನಿನ ದೆಸೆಯಿಂದ ಏನಾಯಿತು ಎಂಬುದು ಮುಖ್ಯ. ಬಿಗಿತವನ್ನು ವರ್ತನೆಯಾಗಿ ಓದಿದಾಗ ಜೀವವಿಜ್ಞಾನ ತಾನಾಗಿಯೇ ಒಳಬಂತು.

ಒಂಟಿ ಅಂಕಿಯ ಹಿಡಿತ ಯಾಕೆ ಸಡಿಲಗೊಳ್ಳುವುದಿಲ್ಲ ಎಂಬುದು ಒಗಟೇನಲ್ಲ. ತಂತ್ರಾಂಶ ಕೊಡುವುದು ಅದನ್ನೇ, ಕೋಷ್ಟಕದಲ್ಲಿ ಕೂರುವುದು ಅದೇ, ಅನುದಾನದ ಅರ್ಜಿಯಲ್ಲಿ 'ಶೀಘ್ರ ರೋಗಪತ್ತೆ' ಎಂಬ ಮಾತಿನ ಪಕ್ಕ ಚೆನ್ನಾಗಿ ಕಾಣುವುದೂ ಅದೇ. ವಕ್ರರೇಖೆಯನ್ನು ಶೀರ್ಷಿಕೆಯಲ್ಲಿ ಹಾಕಲಾಗುವುದಿಲ್ಲ. ಆದರೆ ಅನುಕೂಲ ಬೇರೆ, ಸತ್ಯ ಬೇರೆ. ಮೊನೆಯ ಆಕಾರ, ಒತ್ತಿದ ಆಳ ಮತ್ತು ವೇಗ, ಕೋಶದ ಯಾವ ಭಾಗ, ಅದು ಬೆಳೆದ ನೆಲ ಯಾವುದು ಎಂಬ ವಿವರಗಳಿಲ್ಲದ ಕಿಲೋಪ್ಯಾಸ್ಕಲ್ಲನ್ನು ಸಂಪಾದಕರು ಹಿಂದಕ್ಕೆ ಕಳಿಸಬೇಕು. ಮೂಲ ವಕ್ರರೇಖೆಗಳನ್ನು ಪ್ರಕಟಿಸದ ಪ್ರಬಂಧವನ್ನು ಪರಿಶೀಲಕರು ಒಪ್ಪಬಾರದು. ಎರಡು ಬೇರೆ ಕಾಲಮಾನಗಳಲ್ಲಿ ಅಳೆಯದೆ 'ಈ ಕೋಶ ಆ ಕೋಶಕ್ಕಿಂತ ಮೆತ್ತಗೆ' ಎಂಬ ತೀರ್ಪು ಕೊಡಬಾರದು. ಕ್ಯಾನ್ಸರ್ ಕೋಶಗಳು ಮೆತ್ತಗಿರುತ್ತವೆ ಎಂಬ ಮಾತು ಇಂದಿನ ಸಾಕ್ಷ್ಯದ ಮೇಲೆ ನಿಯಮವಲ್ಲ. ಕೆಲವು ಕೋಶಗಳ ಬಗ್ಗೆ, ಕೆಲವು ವಿಧಾನಗಳಲ್ಲಿ ಕಂಡ ಸಂಗತಿ. ಪಠ್ಯಪುಸ್ತಕಗಳು ಅದನ್ನು ಹಾಗೆಂದೇ ಬರೆಯಲಿ.